ಪ್ಯಾಟರ್ನ್ ಇಟ್ಟು ಹೊಲಿದರೆ ಅದು ನಕಲಲ್ಲ

ನಿನ್ನೆ ಕೇಳಿದ ಒಂದು ಮಾತು ಇನ್ನೂ ತಲೆ ಕೊರೆಯುತ್ತಿದೆ. ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಮಗಳು ಹಾಕಿಕೊಂಡಿದ್ದ ಫ್ರಾಕನ್ನು ಪರಿಚಯದವರೊಬ್ಬರು ಮುಟ್ಟಿ ನೋಡಿದರು. ಅಂಚು ತಿರುವಿ ಒಳಗಿನ ಹೊಲಿಗೆಯನ್ನೂ ನೋಡಿದರು. "ಎಷ್ಟು ಚೆನ್ನಾಗಿ ಕೂತಿದೆ! ನೀವೇ ಹೊಲಿದಿದ್ದಾ?" ಅಂದರು. ಖುಷಿಯಾಯಿತು. ಹೌದು ಅಂದೆ, ಯಾವ ಪ್ಯಾಟರ್ನ್, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಯಾವ ಕಾಗದದ ಮಾದರಿ, ಅಂತಲೂ ಹೇಳಿದೆ. ಅಷ್ಟು ಕೇಳಿದ್ದೇ ತಡ, ಅವರ ದನಿಯೇ ಬೇರೆಯಾಯಿತು. "ಓ, ಪ್ಯಾಟರ್ನ್ ಇಟ್ಟು ಕತ್ತರಿಸಿದ್ದಾ? ಹಾಗಾದ್ರೆ ನಕಲು ಮಾಡಿದ ಹಾಗಾಯ್ತಲ್ಲ. ನಾನೆಲ್ಲೋ ನೀವೇ ಮಾಡಿದ್ದು ಅಂದ್ಕೊಂಡೆ."

ನಾನೇ ಮಾಡಿದ್ದು. ಅಲ್ಲಿ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಆ ಫ್ರಾಕು ನಾನೇ ಮಾಡಿದ್ದು.

ಈ ಮಾತು ಬರೀ ಅವರೊಬ್ಬರದಲ್ಲ. ಪ್ಯಾಟರ್ನ್ ನೋಡಿ ಹೊಲಿಯುವವರಿಗೆಲ್ಲ ಇದು ಗೊತ್ತು. ಕಾಗದ ಇಟ್ಟು, ಗೆರೆ ಹಿಡಿದು ಕತ್ತರಿಸಿ, ಮೆಷಿನ್ನಿಗೆ ಕೊಟ್ಟರೆ ಬಟ್ಟೆ ತಾನಾಗಿ ಹೊರಬರುತ್ತದೆ ಅನ್ನುವ ಭಾವನೆ ಜನಕ್ಕಿದೆ. ಸ್ವರಲಿಪಿ ನೋಡಿ ಕಲಿತು ಹಾಡಿದವರಿಗೆ "ನೀವು ಹಾಡಲಿಲ್ಲ" ಅಂತ ಯಾರಾದರೂ ಹೇಳುತ್ತಾರಾ? ಹೊಲಿಗೆಗೆ ಮಾತ್ರ ಯಾಕೆ ಈ ತಕರಾರು?

ಒಂದು ಪ್ಯಾಟರ್ನ್ ಬಿಡಿಸಿ ನೋಡಿ. ಬುರ್ಡಾ ಪತ್ರಿಕೆಯ ಜೊತೆ ಬರುವ ಹಾಳೆಯನ್ನೇ ತೆಗೆದುಕೊಳ್ಳಿ. 1950ರಲ್ಲಿ ಜರ್ಮನಿಯ ಎನ್ನೆ ಬುರ್ಡಾ ಶುರು ಮಾಡಿದ ಪತ್ರಿಕೆ ಅದು. ಒಂದೇ ಹಾಳೆಯ ಮೇಲೆ ಹಲವು ಉಡುಪುಗಳ ತುಂಡುಗಳು, ಒಂದರ ಮೇಲೊಂದು, ಬೇರೆ ಬೇರೆ ಅಳತೆಯ ಗೆರೆಗಳ ಸಮೇತ. ಅದರಲ್ಲಿ ನಮ್ಮ ಗೆರೆ ಯಾವುದು ಅಂತ ಬೆರಳಿಟ್ಟು ಹುಡುಕಿ, ತೆಳು ಕಾಗದದ ಮೇಲೆ ತೆಗೆದುಕೊಳ್ಳಬೇಕು. ತೆಗೆದಾದ ಮೇಲೆ ಮಾರ್ಜಿನ್, ಅಂದರೆ ಹೊಲಿಗೆಗೆ ಅಂತ ಗೆರೆಯ ಆಚೆ ಬಿಡುವ ಬಟ್ಟೆಯ ವಿಚಾರ. ಕೆಲವು ಕಂಪನಿಗಳ ಪ್ಯಾಟರ್ನಿನಲ್ಲಿ ಹೊಲಿಗೆ ಮಾರ್ಜಿನ್ ಒಂದೂವರೆ ಸೆಂಟಿಮೀಟರ್ ಸೇರಿಯೇ ಇರುತ್ತದೆ. ಕೆಲವರದರಲ್ಲಿ ಇರುವುದೇ ಇಲ್ಲ, ನಾವೇ ಸುತ್ತಲೂ ಬಿಡಬೇಕು. ಅದನ್ನು ಓದದೆ ಕತ್ತರಿಸಿದರೆ ಬಟ್ಟೆ ಮೈಗೇ ಹತ್ತುವುದಿಲ್ಲ.

ಆಮೇಲೆ ಬಾಣದ ಗೆರೆ. ಪ್ರತಿ ತುಂಡಿನ ಮೇಲೂ ಉದ್ದಕ್ಕೆ ಒಂದು ಬಾಣ ಇರುತ್ತದೆ. ಸಾಮಾನ್ಯವಾಗಿ ಅದು ಬಟ್ಟೆಯ ಹಾಸಿನ ಎಳೆಯ ಜೊತೆ, ಅಂದರೆ ನೇಯ್ದ ಅಂಚಿನ ಜೊತೆ, ಸಮನಾಗಿ ಕೂರಬೇಕು. ಬಾಣದ ಒಂದು ತುದಿಯಿಂದ ಅಂಚಿಗೆ ಟೇಪು ಹಿಡಿಯಿರಿ, ಇನ್ನೊಂದು ತುದಿಯಿಂದಲೂ ಹಿಡಿಯಿರಿ. ಎರಡೂ ಒಂದೇ ಬರಬೇಕು. ಬರದಿದ್ದರೆ ಗುಂಡುಸೂಜಿ ತೆಗೆದು, ತುಂಡನ್ನು ಒಂಚೂರು ತಿರುಗಿಸಿ, ಮತ್ತೆ ಅಳೆಯಬೇಕು. ಬಟ್ಟೆ ಉಳಿಯುತ್ತದೆ ಅಂತ ಓರೆಯಾಗಿ ಇಟ್ಟರೆ, ಒಗೆದ ಮೇಲೆ ಪ್ಯಾಂಟಿನ ಪಕ್ಕದ ಹೊಲಿಗೆ ತಿರುಚಿಕೊಂಡು ಮೊಣಕಾಲಿನ ಮುಂದಕ್ಕೆ ಬರುತ್ತದೆ. ಓರೆ ಎಳೆ ಹಿಗ್ಗುತ್ತದೆ, 45 ಡಿಗ್ರಿಯಲ್ಲಂತೂ ಎಲ್ಲಕ್ಕಿಂತ ಜಾಸ್ತಿ. 1920ರ ದಶಕದಲ್ಲಿ ಪ್ಯಾರಿಸ್ಸಿನ ಉಡುಪು ವಿನ್ಯಾಸಕಿ ಮ್ಯಾಡಲೀನ್ ವಿಯೊನೆ ಆ ಹಿಗ್ಗನ್ನೇ ಬಳಸಿಕೊಂಡು, ಮೈಮೇಲೆ ಜಾರುತ್ತಾ ಇಳಿಯುವ ಉಡುಪು ಮಾಡಿ ಹೆಸರಾದರು. ಬಾಣ ಎಲ್ಲಿಗೆ ತೋರಿಸುತ್ತದೆ ಅಂತ ಕಾಗದ ಹೇಳುತ್ತದೆ. ಯಾಕೆ ಅಂತ ನಮ್ಮ ಕೈಗೆ ಗೊತ್ತಾಗಬೇಕು.

ಈಗ ಹೇಳಿ, ಇದರಲ್ಲಿ ನಕಲು ಎಲ್ಲಿದೆ?

ನಿಜವಾದ ಕೆಲಸ ಇನ್ನೂ ಮುಂದಿದೆ. ಪ್ಯಾಟರ್ನ್ ನನ್ನ ಮೈಗೆ ಮಾಡಿದ್ದಲ್ಲ. ನಿಮ್ಮ ಮೈಗೂ ಅಲ್ಲ. ಸರಾಸರಿ ಅಂತ ಯಾರೋ ಲೆಕ್ಕ ಹಾಕಿದ ಮೈಗೆ ಮಾಡಿದ್ದು. ಈ ಸರಾಸರಿಯ ಕಥೆ ದೊಡ್ಡದು. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಹೆಂಗಸರನ್ನು ನಿಲ್ಲಿಸಿ, ಒಬ್ಬೊಬ್ಬರದು 59 ಅಳತೆ ತೆಗೆಸಿತ್ತು. ಉಡುಪಿಗೂ ಪ್ಯಾಟರ್ನಿಗೂ ಒಂದು ಸರಿಯಾದ ಅಳತೆ ಪಟ್ಟಿ ಬೇಕು ಅಂತಲೇ ಆ ಕೆಲಸ ನಡೆದದ್ದು. ಆದರೂ ಲೆಕ್ಕಕ್ಕೆ ತೆಗೆದುಕೊಂಡಿದ್ದು ಬಿಳಿಯ ಹೆಂಗಸರ ಅಳತೆ ಮಾತ್ರ. ಯಾವ ಪಟ್ಟಿ ಬಂದರೂ ಎಲ್ಲರ ಮೈ ಅದರಲ್ಲಿ ಹಿಡಿಯುವುದಿಲ್ಲ. ದೊಡ್ಡ ಕಂಪನಿಗಳ ಹೆಂಗಸರ ಪ್ಯಾಟರ್ನ್ ಸಾಮಾನ್ಯವಾಗಿ ಬ್ರಾ ಅಳತೆಯ ಬಿ ಕಪ್ ಲೆಕ್ಕದಲ್ಲಿ ಇರುತ್ತದೆ. ಅದಕ್ಕಿಂತ ತುಂಬಿದ ಎದೆಯವರು ಎದೆಯ ಅಳತೆ ನೋಡಿ ಸೈಜ್ ಆರಿಸಿದರೆ ಎದೆಗೇನೋ ಸರಿ ಹೋಗುತ್ತದೆ, ಭುಜ ಜೋತು ಬೀಳುತ್ತದೆ, ಕತ್ತು ಬಾಯಿ ಬಿಡುತ್ತದೆ. ಕಂಕುಳ ಕೆಳಗೆ, ಎದೆಯ ಮೇಲ್ಭಾಗದಲ್ಲಿ ಟೇಪು ಸುತ್ತಿ ಸೈಜ್ ಆರಿಸಬೇಕು. ಆಮೇಲೆ ಮುಂಭಾಗದ ಕಾಗದವನ್ನು ಸೀಳಿ, ಎದೆಯ ಹತ್ತಿರ ಮಾತ್ರ ಅಗಲಿಸಿ, ಡಾರ್ಟನ್ನು, ಅಂದರೆ ಬಟ್ಟೆಗೆ ಮೈಯ ಆಕಾರ ಕೊಡಲು ಹೊಲಿಯುವ ಮೊನಚು ಮಡಿಕೆಯನ್ನು, ಅದಕ್ಕೆ ತಕ್ಕ ಹಾಗೆ ದೊಡ್ಡದು ಮಾಡಬೇಕು.

ನನ್ನ ಒಂದು ಭುಜ ಇನ್ನೊಂದಕ್ಕಿಂತ ತಗ್ಗು. ಬೆನ್ನು ಗಿಡ್ಡ. ಹಾಗಾಗಿ ನನ್ನ ಕುರ್ತಾ ಪ್ಯಾಟರ್ನಿನ ಬೆನ್ನಿನ ತುಂಡನ್ನು ಸೊಂಟದ ಮೇಲೆ ಮಡಿಸಿ ಉದ್ದ ತಗ್ಗಿಸಿದ್ದೇನೆ, ಎಡ ಭುಜದ ಗೆರೆ ಬೇರೆ ಎಳೆದಿದ್ದೇನೆ. ಮಗಳು ಉದ್ದ, ಸಪೂರ. ಯುರೋಪಿನ ಮಕ್ಕಳ ಸೈಜು ಎತ್ತರದ ಮೇಲೆ ನಡೆಯುತ್ತದೆ, 104, 110, 116, ಹೀಗೆ ಆರಾರು ಸೆಂಟಿಮೀಟರಿಗೆ ಒಂದು. ಅವಳಿಗೆ ಅಗಲ 104ರದ್ದು, ಉದ್ದ 116ರದ್ದು. ಆ ಎರಡು ಗೆರೆಗಳ ನಡುವೆ ಕಂಕುಳಿನಿಂದ ಅಂಚಿನವರೆಗೆ ಹೊಸದಾಗಿ ಗೆರೆ ಎಳೆದವಳು ನಾನು. ಅವರು ಮುಟ್ಟಿ ನೋಡಿ "ಚೆನ್ನಾಗಿ ಕೂತಿದೆ" ಅಂದರಲ್ಲ, ಕೂತಿದ್ದು ಆ ಗೆರೆಯಿಂದ. ಅದು ಯಾವ ಕಂಪನಿಯ ಹಾಳೆಯಲ್ಲೂ ಇರಲಿಲ್ಲ.

ಇನ್ನು ತೋಳು ಕೂರಿಸುವುದು. ಹೊಲಿಯುವವರಿಗೆ ಇಷ್ಟು ಹೇಳಿದರೆ ಸಾಕು, ಉಳಿದವರಿಗೆ ಬಿಡಿಸಿ ಹೇಳುತ್ತೇನೆ. ತೋಳಿನ ಮೇಲಿನ ದುಂಡು ಅಂಚು, ಅದು ಹೋಗಿ ಕೂರಬೇಕಾದ ಆರ್ಮ್‌ಹೋಲಿಗಿಂತ, ಅಂದರೆ ತೋಳು ಕೂರುವ ದುಂಡು ಬಾಯಿಗಿಂತ, ಉದ್ದ ಇರುತ್ತದೆ. ಎರಡು ಮೂರು ಸೆಂಟಿಮೀಟರ್ ಜಾಸ್ತಿಯೇ. ಭುಜದ ಮೂಳೆ ದುಂಡಗಿದೆ, ಕೈ ಮುಂದಕ್ಕೆ ಚಾಚಬೇಕು, ಅದಕ್ಕೇ ಆ ಜಾಸ್ತಿ. ಆ ಉದ್ದವನ್ನು ಒಂದು ನೆರಿಗೆಯೂ ಕಾಣದ ಹಾಗೆ ಒಳಗೆ ಸೇರಿಸಬೇಕು. ಅಂಚಿನಲ್ಲಿ ಎರಡು ಸಾಲು ಉದ್ದ ಹೊಲಿಗೆ ಹಾಕಿ, ದಾರದ ತುದಿ ಹಿಡಿದು ಮೆಲ್ಲಗೆ ಎಳೆಯುತ್ತಾ, ಬೆರಳಲ್ಲಿ ಬಟ್ಟೆಯನ್ನು ಹರಡುತ್ತಾ ಹೋಗಬೇಕು. ಮುಂದಿನ ಕಡೆಗೆ ಒಂದು ಕಚ್ಚು, ಹಿಂದಿನ ಕಡೆಗೆ ಎರಡು ಕಚ್ಚು. ಪ್ಯಾಟರ್ನಿನ ಈ ಗುರುತು ನೋಡಿ ಎಡಗೈ ಯಾವುದು, ಬಲಗೈ ಯಾವುದು ತಿಳಿಯಬೇಕು. ಕಚ್ಚಿಗೆ ಕಚ್ಚು ಕೂಡಿಸಿ, ಗುಂಡುಸೂಜಿ ಚುಚ್ಚಿ, ಕಚ್ಚಾ ಹೊಲಿಗೆ ಹಾಕಿ, ಹಾಕಿಸಿ ನೋಡಿ, ಆಮೇಲೆ ಮೆಷಿನ್ನಿಗೆ. ಬೇರೆಯವರ ಕೆಲಸ ಕದ್ದು ಬರೆಯುವವರು ಇಷ್ಟು ಪಾಡು ಪಡುತ್ತಾರಾ?

ನಾನು ಹೊಲಿಗೆ ಕ್ಲಾಸಿಗೆ ಹೋದವಳಲ್ಲ. ಹೇಗೆ ಕಲಿತೆ ಅಂತ ಯಾರಿಗೂ ಹೇಳಿರಲಿಲ್ಲ. ಹೇಳಿಕೊಡಿ ಅಂತ ಕೇಳಿದಾಗ ಗೊತ್ತಿದ್ದವರು ಹೇಳಿಕೊಡಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ಕತ್ತರಿಸುವ ಹೊತ್ತಿಗೆ ಏನಾದರೂ ನೆಪ ಹೇಳಿ ಕಳಿಸುತ್ತಿದ್ದರು. ಹೊಲಿಯುವುದನ್ನು ತೋರಿಸಿದರು, ಕಟಿಂಗ್ ಮಾತ್ರ ಗುಟ್ಟು. ಮಗಳು ಹುಟ್ಟಿದ ಮೇಲೆ, ರಾತ್ರಿ ಅವಳು ಮಲಗಿದಾಗ, ನನ್ನ ಮುಂದೆ ಇದ್ದಿದ್ದು ಆ ಕಾಗದ ಒಂದೇ. ಅದು ಏನನ್ನೂ ಮುಚ್ಚಿಡಲಿಲ್ಲ. ಎಲ್ಲಿ ಕತ್ತರಿಸು, ಎಲ್ಲಿ ಮಡಿಸು, ಯಾವುದು ಮೊದಲು, ಯಾವುದು ಆಮೇಲೆ, ಎಲ್ಲ ಹೇಳಿತು. ನಿನ್ನೆ ನನಗೆ ಅಳು ಬಂದದ್ದು ಫ್ರಾಕಿನ ಬಗ್ಗೆ ಅಂದ ಮಾತಿಗಲ್ಲ. ನನ್ನ ಗುರುವನ್ನು ಹಗುರ ಮಾಡಿದ್ದಕ್ಕೆ.

ಅಳತೆವಾರು ಕಾಗದದ ಪ್ಯಾಟರ್ನನ್ನು ಜನರ ಕೈಗೆ ತಲುಪಿಸಿದ್ದು ಎಬೆನೀಜರ್ ಬಟರಿಕ್, ಅಮೆರಿಕದ ಮ್ಯಾಸಚೂಸೆಟ್ಸಿನ ಒಬ್ಬ ಟೈಲರ್. 1863ರಲ್ಲಿ. ಹೆಂಡತಿ ಎಲೆನ್ ಮಗುವಿಗೆ ಬಟ್ಟೆ ಹೊಲಿಯುವಾಗ, ಮಗುವಿನ ಅಳತೆಗೇ ಪ್ಯಾಟರ್ನ್ ಇದ್ದಿದ್ದರೆ ಎಷ್ಟು ಸಲೀಸು ಅಂದಿದ್ದೇ ಇದಕ್ಕೆ ಮೂಲ ಅಂತ ಹೇಳುತ್ತಾರೆ. ಅದಕ್ಕೂ ಮುಂಚೆ ಪ್ಯಾಟರ್ನ್ ಇತ್ತು, ಆದರೆ ಸಾಮಾನ್ಯವಾಗಿ ಒಂದೇ ಸೈಜಿನದು. ದೊಡ್ಡದು ಚಿಕ್ಕದು ಮಾಡಿಕೊಳ್ಳುವ ವಿದ್ಯೆ ಗೊತ್ತಿದ್ದವರಿಗೆ ಮಾತ್ರ ಅದರ ಉಪಯೋಗ. ಬಟರಿಕ್‌ನ ಕಾಗದದಲ್ಲಿ ಅಚ್ಚಾದ ಗೆರೆ ಕೂಡ ಇರಲಿಲ್ಲ, ತೂತು ಮತ್ತು ಕಚ್ಚುಗಳ ಗುರುತಷ್ಟೇ. ಆದರೂ ಗುರು ಇಲ್ಲದ ಎಷ್ಟೋ ಮನೆಗಳಲ್ಲಿ ಅದನ್ನು ನೋಡಿ ಹೊಲಿದರು. ಒಬ್ಬ ತಾಯಿ ಮಗುವಿನ ಬಟ್ಟೆ ಹೊಲಿಯುತ್ತಾ ಆಡಿದ ಮಾತಿನಿಂದ ಬಂದ ವಸ್ತು ಇದು. ಇದನ್ನು ಬಳಸಿದ್ದಕ್ಕೆ ನಾನು ತಲೆ ತಗ್ಗಿಸಬೇಕಾ?

ಇದಕ್ಕೆ ಒಂದು ಉತ್ತರ ಬರುತ್ತದೆ ಅಂತ ಗೊತ್ತು. "ಅಳತೆ ತಗೊಂಡು ನೇರ ಬಟ್ಟೆ ಮೇಲೇ ಚಾಕಲ್ಲಿ ಬರೆದು ಕತ್ತರಿಸುವವರು ಇದ್ದಾರೆ, ಅದೇ ನಿಜವಾದ ವಿದ್ಯೆ." ಅದು ದೊಡ್ಡ ವಿದ್ಯೆ, ಒಪ್ಪುತ್ತೇನೆ. ಅಂಥ ಕೈ ನೋಡಿದರೆ ನನಗೆ ಗೌರವ ಬರುತ್ತದೆ. ಆದರೆ ಅವರ ತಲೆಯಲ್ಲಿ ಇರುವುದೂ ಪ್ಯಾಟರ್ನೇ ಅಲ್ವಾ? ಎದೆಯ ನಾಲ್ಕನೇ ಒಂದು ಭಾಗಕ್ಕೆ ಇಷ್ಟು ಸೇರಿಸು, ಕತ್ತಿಗೆ ಇಷ್ಟು ಇಳಿಸು ಅಂತ ಯಾರೋ ಅವರಿಗೂ ಹೇಳಿಕೊಟ್ಟಿದ್ದು. ಅವರದು ಬಾಯಿಂದ ಬಂತು, ನನ್ನದು ಕಾಗದದಿಂದ ಬಂತು. ಬಾಯಿಂದ ಬಂದದ್ದು ಹೇಳಿಕೊಡಲು ಮನಸ್ಸಿದ್ದವರ ಜೊತೆ ಮಾತ್ರ ಉಳಿಯುತ್ತದೆ. ಕಾಗದದ್ದು ಯಾರು ಬಿಡಿಸಿದರೂ ಸಿಗುತ್ತದೆ. ಇದರಲ್ಲಿ ಮೇಲು ಕೀಳು ನನಗಂತೂ ಕಾಣುವುದಿಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಮಕ್ಕಳಿಗೆ ಹೊಲಿಯುವಾಗ ಸುಮ್ನೆ ದೊಡ್ಡವರ ಬಟ್ಟೆಯನ್ನು ಚಿಕ್ಕದು ಮಾಡಿದರೆ ಆಗುವುದಿಲ್ಲ. ಮೂರು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 50 ಸೆಂಟಿಮೀಟರ್, ಕತ್ತು ಹೆಚ್ಚೂಕಮ್ಮಿ ಅದರ ಅರ್ಧ. ಕತ್ತಿಗೆ ಸರಿಯಾಗಿ ಹೊಲಿದರೆ ತಲೆ ತೂರುವುದಿಲ್ಲ. ಅದಕ್ಕೇ ಬೆನ್ನಲ್ಲಿ ಸೀಳು, ಭುಜದ ಮೇಲೆ ಗುಂಡಿ. ಒಳ್ಳೆಯ ಪ್ಯಾಟರ್ನ್ ಮಾಡಿದವರು ಇದನ್ನೆಲ್ಲ ಮೊದಲೇ ಯೋಚಿಸಿರುತ್ತಾರೆ. ಚಿಕ್ಕ ಮಕ್ಕಳ ಕತ್ತಿನ ಹತ್ತಿರ ಲಾಡಿ ಇರಬಾರದು ಅನ್ನುವುದೂ ನನಗೆ ಗೊತ್ತಾದದ್ದು ಪ್ಯಾಟರ್ನಿನ ಸೂಚನೆಯಿಂದಲೇ. ಯುರೋಪಿನ ಇಎನ್ 14682 ಮಾನದಂಡ ಏಳು ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ಟೋಪಿಗೆ, ಕತ್ತಿಗೆ ಲಾಡಿಯನ್ನು ಒಪ್ಪುವುದೇ ಇಲ್ಲ. ಜಾರುಬಂಡಿಯಲ್ಲೋ ಬಾಗಿಲಲ್ಲೋ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಜೇಬಿನ ಕಥೆ ನಿಮಗೆ ಹೇಳಲೇಬೇಕು. ಆ ಫ್ರಾಕಿನ ಪ್ಯಾಟರ್ನಿನಲ್ಲಿ ಜೇಬು ಇರಲಿಲ್ಲ. ಮಗಳು ಕಾಗದ ನೋಡಿ "ಅಮ್ಮ, ಅಣ್ಣನ ಪ್ಯಾಂಟಲ್ಲಿ ಇದೆ, ನನ್ನದರಲ್ಲಿ ಯಾಕಿಲ್ಲ?" ಅಂದಳು. ಮಗನ ಪ್ಯಾಂಟಿನ ಪ್ಯಾಟರ್ನಿನಿಂದ ಜೇಬಿನ ತುಂಡು ತೆಗೆದು, ಅವಳ ಅಂಗೈ ಅದರ ಮೇಲಿಟ್ಟು ಅಳತೆ ನೋಡಿ, ಪಕ್ಕದ ಹೊಲಿಗೆಯಲ್ಲಿ ಎರಡೂ ಕಡೆ ಸೇರಿಸಿದೆ. ಈಗ ಅದರಲ್ಲಿ ಕಲ್ಲು, ಬಣ್ಣದ ಕಡ್ಡಿ, ಒಣಗಿದ ಎಲೆ ಏನೆಲ್ಲ ಇರುತ್ತದೆ. ಒಗೆಯುವ ಮುಂಚೆ ಕೈ ಹಾಕಿ ನೋಡುವುದೇ ಒಂದು ಸಂತೋಷ.

ಶುರು ಮಾಡಬೇಕು ಅಂತ ಆಸೆ ಇದ್ದು, "ನಕಲು" ಅನ್ನುತ್ತಾರೆ ಅಂತ ಹಿಂಜರಿಯುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಹಿಂಜರಿಯಬೇಡಿ. ಮೊದಲಿಗೆ ಮಗುವಿನ ಇಲಾಸ್ಟಿಕ್ ಚಡ್ಡಿಯ ಪ್ಯಾಟರ್ನ್ ತಗೊಳ್ಳಿ. ಎರಡೇ ತುಂಡು, ತೋಳಿಲ್ಲ, ಕಾಜ ಇಲ್ಲ. ಹತ್ತಿ ಬಟ್ಟೆಯಾದರೆ ಕತ್ತರಿಸುವ ಮುಂಚೆ ತೊಳೆದು ಒಣಗಿಸಿ, ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಮಾರ್ಜಿನ್ ಸೇರಿದೆಯಾ ಇಲ್ಲವಾ ಅಂತ ಮೊದಲ ಪುಟದಲ್ಲೇ ನೋಡಿಕೊಳ್ಳಿ. ಕೆಳಗಿನ ಮಡಿಕೆಗೆ ಮೂರು ಬೆರಳಗಲ ಜಾಸ್ತಿ ಬಿಡಿ, ಮಗು ಬೆಳೆದ ಹಾಗೆ ಬಿಚ್ಚಬಹುದು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕಾಗದದ ಫೋಟೋ ತೆಗೆದು ನನಗೆ ಕಳಿಸಿ, ಯಾವ ಹೊತ್ತಾದರೂ ಸರಿ. ಕಟಿಂಗ್ ಸಮೇತ ಹೇಳಿಕೊಡುತ್ತೇನೆ.