ಕ್ರೀಡಾ ದಿನದ ಲಗ್ನಪತ್ರಿಕೆ

ಧನುರ್ಮಾಸದಲ್ಲಿ ಮದುವೆಗಳಿಲ್ಲ. ಹಾಗೆಂದು ಬೆಂಗಳೂರಿನ ಶಾಮಿಯಾನದವರು, ಡ್ರೋನ್ ಹಾರಿಸುವವರು, ಮೈಕ್ ಹಿಡಿದು ನಿರೂಪಣೆ ಮಾಡುವವರು ಖಾಲಿ ಕೂತಿರುತ್ತಾರೆ ಎಂದು ಯಾರೂ ಮರುಗಬೇಕಾಗಿಲ್ಲ. ಡಿಸೆಂಬರ್ ಖಾಸಗಿ ಶಾಲೆಗಳ ಕ್ರೀಡಾ ದಿನದ ತಿಂಗಳು. ವಧು ವರರನ್ನು ಬಿಟ್ಟರೆ ಮದುವೆಗೆ ಬೇಕಾದದ್ದೆಲ್ಲ ಅಲ್ಲಿ ಇರುತ್ತದೆ. ಖರ್ಚಂತೂ ಇದ್ದೇ ಇರುತ್ತದೆ, ಅದೂ ಬೀಗರಿಬ್ಬರ ಪಾಲನ್ನು ಒಬ್ಬರೇ ಹೊತ್ತಂತೆ.

ಲಗ್ನಪತ್ರಿಕೆ ಈಗ ಶಾಲೆಯ ಆ್ಯಪಿನಲ್ಲೇ ಬರುತ್ತದೆ. ಮುಹೂರ್ತ ಬೆಳಗ್ಗೆ ಏಳೂವರೆ. ಸ್ಥಳ, ಶಾಲೆಯಿಂದ ಒಂದೂವರೆ ಗಂಟೆ ದೂರದ ಬಾಡಿಗೆ ಕ್ರೀಡಾಂಗಣ. ಮಕ್ಕಳು ತಮ್ಮ ತಮ್ಮ ಹೌಸಿನ ಬಣ್ಣದ ಟೀ ಶರ್ಟಿನಲ್ಲಿ ಬರಬೇಕು. ಆ ಟೀ ಶರ್ಟ್ ಶಾಲೆ ಸೂಚಿಸಿದ ಅಂಗಡಿಯಲ್ಲೇ ಕೊಂಡದ್ದಾಗಿರಬೇಕು. ಅಣ್ಣನ ಅಂಗಿ ತಮ್ಮನಿಗಾದೀತು ಎಂದು ಲೆಕ್ಕ ಹಾಕುವ ತಾಯಂದಿರು ಇನ್ನೂ ಇದ್ದಾರೆ ಎಂಬುದು ಶಾಲೆಗೆ ಗೊತ್ತು. ಅದಕ್ಕಾಗಿಯೇ ಎರಡು ವರ್ಷಕ್ಕೊಮ್ಮೆ ಅಂಗಿಯ ಮೇಲಿನ ಹದ್ದು ತನ್ನ ರೆಕ್ಕೆಯ ಕೋನವನ್ನು ಬದಲಿಸುತ್ತದೆ. ನಮ್ಮ ಕಾಲದ ಹೌಸುಗಳಿಗೆ ಶಿವಾಜಿ, ನೇತಾಜಿ, ಟ್ಯಾಗೋರ್ ಎಂದು ಹೆಸರಿತ್ತು. ಆ ಮಹನೀಯರು ರೆಕ್ಕೆ ಬದಲಿಸುವವರಲ್ಲ. ಆದ್ದರಿಂದ ಅವರನ್ನು ಕಳಿಸಿ ಹದ್ದು, ಚಿರತೆ, ಡ್ರ್ಯಾಗನ್‌ಗಳನ್ನು ಕರೆತಂದಿದ್ದಾರೆ.

ಪತ್ರಿಕೆಯ ಕೊನೆಯಲ್ಲಿ ಉಡುಗೊರೆಯ ಸಾಲು ಇರುತ್ತದೆ. ಮದುವೆಯಲ್ಲಾದರೆ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುತ್ತಾರೆ. ಇಲ್ಲಿ ಕ್ಯುಆರ್ ಕೋಡ್ ಅಚ್ಚು ಹಾಕಿಸುತ್ತಾರೆ. ಒಬ್ಬ ತಂದೆ ಧೈರ್ಯ ಮಾಡಿ ಕಚೇರಿಯ ಕಿಟಕಿಯಲ್ಲಿ ಕೇಳಿದ್ದರು:

“ಕ್ರೀಡಾ ಶುಲ್ಕ ಜೂನ್‌ನಲ್ಲೇ ಕಟ್ಟಿದ್ದೇನಲ್ಲ ಮೇಡಂ?”

“ಅದು ಕ್ರೀಡೆಗೆ ಸಾರ್. ಇದು ಕ್ರೀಡಾ ದಿನಕ್ಕೆ.”

ಈ ಉತ್ತರದಲ್ಲಿ ದೋಷವಿಲ್ಲ. ಎರಡಕ್ಕೂ ಸಂಬಂಧವಿಲ್ಲ ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಇನ್ನೊಂದು ಇಲಾಖೆಯನ್ನು ನಾನು ಕಂಡಿಲ್ಲ.

ಇನ್ನು ಆ ದಿನ. ಮುಖ್ಯ ಅತಿಥಿ ಬರುವ ತನಕ ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ನಿಂತಿರಬೇಕು. ಈ ಒಂದು ವಿಷಯದಲ್ಲಿ ಎಲ್ಲ ಶಾಲೆಗಳೂ ಹಳೆಯ ಸಂಪ್ರದಾಯಕ್ಕೆ ನಿಷ್ಠವಾಗಿವೆ. ಅತಿಥಿ ಬಂದ ಮೇಲೆ ಜ್ಯೋತಿ, ಬಲೂನು, ಬಣ್ಣದ ಹೊಗೆ, ಸ್ವಾಗತ ನೃತ್ಯ, ಆಮೇಲೆ ಸ್ವಾಗತ ನೃತ್ಯಕ್ಕೆ ಸ್ವಾಗತಿಸಿದವರಿಗೆ ವಂದನೆ. ಐವತ್ತು ಮೀಟರ್ ಓಟಕ್ಕೆ ಹತ್ತು ಸೆಕೆಂಡು ಸಾಕು. ಆ ಹತ್ತು ಸೆಕೆಂಡಿನಲ್ಲಿ ಓಡುವವರು ಆರು ಮಂದಿ. ಅವರ ಆಯ್ಕೆ ಹದಿನೈದು ದಿನ ಮೊದಲೇ ಶಾಲೆಯ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಎರಡು ಕಂಬಗಳ ನಡುವೆ ನಡೆದುಹೋಗಿರುತ್ತದೆ. ಉಳಿದ ಮುನ್ನೂರು ಮಕ್ಕಳಿಗೆ ಡ್ರಿಲ್ಲು. ಕೈಯಲ್ಲಿ ಕಾಗದದ ಚೆಂಡುಹೂವು, ಬಳೆ, ರಿಬ್ಬನ್ನು. ಕೊನೆಗೆ ಎಲ್ಲರೂ ಸೇರಿ ಶಾಲೆಯ ಲಾಂಛನವಾಗಿ ನಿಲ್ಲುತ್ತಾರೆ. ಅದು ಕಾಣುವುದು ಡ್ರೋನಿಗೆ ಮಾತ್ರ. ಗ್ಯಾಲರಿಯಲ್ಲಿ ಕೂತ ಅಜ್ಜಿ ಮೊಮ್ಮಗನನ್ನು ಹುಡುಕಿ ಹುಡುಕಿ ಸೋತು ಪಕ್ಕದವರನ್ನು ಕೇಳುತ್ತಾಳೆ. ಅವರು ತಮ್ಮ ಮಗ ಮೂರನೇ ಅಕ್ಷರದ ಬಾಲ, ನಿಮ್ಮವನು ಅಲ್ಲೇ ಎಲ್ಲೋ ಚುಕ್ಕಿಯಲ್ಲಿ ಇರಬೇಕು ಎಂದು ಸಮಾಧಾನ ಹೇಳುತ್ತಾರೆ. ಒಂದು ತಿಂಗಳ ಆಟದ ಪೀರಿಯಡ್ಡುಗಳೆಲ್ಲ ಈ ಚುಕ್ಕಿಯನ್ನು ಚುಕ್ಕಿಯ ಜಾಗದಲ್ಲಿ ನಿಲ್ಲಿಸುವುದಕ್ಕೆ ಖರ್ಚಾಗಿರುತ್ತವೆ. ಮನೆಗೆ ಹೊರಡುವಾಗ ಚುಕ್ಕಿಗೂ ಒಂದು ಪದಕ ಸಿಗುತ್ತದೆ. ಎಳೆಯ ಮಕ್ಕಳಿಗೆ ಎಲ್ಲರಿಗೂ ಪದಕ ಕೊಟ್ಟರೆ ನನ್ನ ತಕರಾರಿಲ್ಲ. ಅದರ ಬೆಲೆಯನ್ನು ಮೊದಲೇ ಅವರ ಅಪ್ಪನಿಂದ ವಸೂಲು ಮಾಡಿ ‘ಗೆದ್ದೆ’ ಎಂದು ನಂಬಿಸುವುದಕ್ಕೆ ಮಾತ್ರ ಸ್ವಲ್ಪ ಇದೆ.

ಬಾಡಿಗೆ ಕ್ರೀಡಾಂಗಣವೇಕೆ, ಶಾಲೆಯಲ್ಲೇ ಮೈದಾನವಿಲ್ಲವೇ ಎಂದು ಹಳ್ಳಿಯಿಂದ ಬಂದ ನೆಂಟರು ಕೇಳುವುದುಂಟು. ಇದೆ. ಕಾನೂನಿನಲ್ಲಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲಾ ಕಟ್ಟಡಕ್ಕೆ ಏನೇನಿರಬೇಕು ಎಂದು ಹೇಳುವಾಗ ಆಟದ ಮೈದಾನವೂ ಇರಬೇಕು ಎಂದಿದ್ದಾರೆ. ಎಷ್ಟು ದೊಡ್ಡದು ಎಂದು ಅಲ್ಲಿ ಹೇಳಿಲ್ಲ. ಕಾನೂನು ಅಳತೆ ಹೇಳದ ಕಡೆ ಬಿಲ್ಡರು ಹೇಳುತ್ತಾನೆ. ಹೀಗಾಗಿ ತಾರಸಿಗೆ ಬಲೆ ಕಟ್ಟಿದರೆ ಮೈದಾನ, ಗೇಟಿನಿಂದ ಬಾಗಿಲವರೆಗಿನ ಹಾಸುಗಲ್ಲು ಮೈದಾನ, ಬಸ್ಸುಗಳು ಹೊರಟ ಮೇಲೆ ಬಸ್ಸು ನಿಲ್ಲುವ ಜಾಗ ಮೈದಾನ. ಇದಾವುದೂ ಇಲ್ಲದವರು ಪಕ್ಕದ ಉದ್ಯಾನವನ್ನು ತೋರಿಸುತ್ತಾರೆ. ಆ ಉದ್ಯಾನದ ಗೇಟಿನಲ್ಲಿ ‘ಇಲ್ಲಿ ಆಟವಾಡುವುದನ್ನು ನಿಷೇಧಿಸಲಾಗಿದೆ’ ಎಂಬ ಫಲಕವಿರುತ್ತದೆ. ನಿಜವಾದ ಮೈದಾನ ಉಳಿಸಿಕೊಂಡ ಕೆಲವು ಶಾಲೆಗಳು ಅದಕ್ಕೆ ಪ್ಲಾಸ್ಟಿಕ್ ಹುಲ್ಲು ಹೊದಿಸಿ, ದೀಪ ಹಾಕಿಸಿ, ಸಂಜೆಯ ಮೇಲೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿವೆ. ಹಗಲು ಶುಲ್ಕ ಕಟ್ಟಿಯೂ ಆಡಲಾಗದ ಹುಡುಗ ಸಂಜೆ ಗೆಳೆಯರೊಂದಿಗೆ ಚಂದಾ ಎತ್ತಿ ಬಂದು ಅದೇ ನೆಲದಲ್ಲಿ ಆಡಬಹುದು. ಒಂದು ಗಂಟೆ ಮುಗಿದೊಡನೆ ಸಾಫ್ಟ್‌ವೇರ್ ಅಣ್ಣಂದಿರ ತಂಡ ಗೇಟಿನಲ್ಲಿ ಕೆಮ್ಮುತ್ತದೆ.

ಹಿಂದೆ ಈ ಎಲ್ಲ ವ್ಯವಹಾರ ಒಬ್ಬ ಪಿಟಿ ಮೇಷ್ಟ್ರ ಕೈಯಲ್ಲಿತ್ತು. ಅವರ ಬಳಿ ಒಂದು ಸೀಟಿ, ಒಂದು ಹಗ್ಗ, ಅರ್ಧ ಚೀಲ ಸುಣ್ಣದ ಪುಡಿ ಮತ್ತು ಬೀರುವಿನಲ್ಲಿ ಬೀಗ ಹಾಕಿಟ್ಟ ಒಂದು ಫುಟ್‌ಬಾಲ್ ಇರುತ್ತಿದ್ದವು. ಬೀಗದ ಕೈ ಸದಾ ಹೆಡ್‌ಮೇಷ್ಟ್ರ ಬಳಿ ಇರುತ್ತಿತ್ತು, ಹೆಡ್‌ಮೇಷ್ಟ್ರು ಸದಾ ಬಿಇಒ ಕಚೇರಿಯಲ್ಲಿ ಇರುತ್ತಿದ್ದರು. ಆ ಕಾಲವನ್ನು ಹೊಗಳಲು ನಾನು ಕೂತಿಲ್ಲ. ಈಗ ಮೇಷ್ಟ್ರ ಜಾಗಕ್ಕೆ ಕಂಪನಿ ಬಂದಿದೆ. ಟ್ಯಾಬ್ ಹಿಡಿದ ತರಬೇತುದಾರ ಬರುತ್ತಾನೆ, ಮಗುವಿನ ಸಮತೋಲನ, ಚುರುಕುತನ, ಕೈ ಕಣ್ಣಿನ ಹೊಂದಾಣಿಕೆಗಳಿಗೆ ಅಂಕ ಕೊಡುತ್ತಾನೆ, ಬಣ್ಣದ ನಕ್ಷೆ ತಂದೆಯ ಮೊಬೈಲಿಗೆ ಬೀಳುತ್ತದೆ. ಮಗು ಒಂಟಿ ಕಾಲಿನಲ್ಲಿ ನಿಲ್ಲುವುದರಲ್ಲಿ ತರಗತಿಯ ಸರಾಸರಿಗಿಂತ ಹಿಂದಿದೆ ಎಂದು ತಿಳಿದ ತಾಯಿ ಅದಕ್ಕೂ ಟ್ಯೂಷನ್ ಹುಡುಕುತ್ತಾಳೆ. ಇಷ್ಟೆಲ್ಲ ಬದಲಾದರೂ ಒಂದು ಮಾತ್ರ ಬದಲಾಗಿಲ್ಲ: ಹತ್ತನೇ ತರಗತಿಯ ಆಟದ ಪೀರಿಯಡ್ ಅಂದೂ ಗಣಿತದವರದ್ದು, ಇಂದೂ ಗಣಿತದವರದ್ದು.

ಮದುವೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ. ಅದು ಮದುವೆಗೆ ಬಾಡಿಗೆ ಹೋಗುತ್ತಿದ್ದ ಜಾಗ. ಮದುವೆ ಇದ್ದ ದಿನ ಬ್ಯಾಡ್ಮಿಂಟನ್ ಇಲ್ಲ, ಇಲ್ಲದ ದಿನ ಉಂಟು. ಅಲ್ಲಿಂದ ಒಬ್ಬ ಚಾಂಪಿಯನ್ ಬಂದ. ಈಗ ಶಟಲ್ ಕಲಿಯುವ ಒಂಬತ್ತು ವರ್ಷದ ಹುಡುಗಿಗೆ ಮರದ ನೆಲ, ಆ ನೆಲಕ್ಕೆ ಬೇರೆ ಶೂ, ಆ ಶೂಗೆ ಬೇರೆ ಚೀಲ. ಹದಿನಾರು ಗರಿಗಳ ಒಂದು ಶಟಲ್ ನಾಲ್ಕು ಜೋರಾದ ಹೊಡೆತಕ್ಕೆ ಪುಕ್ಕ ಉದುರಿಸಿಕೊಂಡು ಬೀಳುತ್ತದೆ. ಅದರ ಬೆಲೆ ಏರುತ್ತಿರುವ ವೇಗ ನೋಡಿದರೆ ಬಾತುಕೋಳಿಯನ್ನೇ ಸಾಕಿಕೊಳ್ಳುವುದು ಲಾಭ, ಮೊಟ್ಟೆಯಾದರೂ ಸಿಗುತ್ತದೆ.

ಕ್ರಿಕೆಟ್ಟಿನದು ಇನ್ನೂ ದೊಡ್ಡ ಸಂಸಾರ. ಇಂಗ್ಲಿಷ್ ವಿಲ್ಲೊ ಬ್ಯಾಟನ್ನು ಹತ್ತಾರು ಸಾವಿರ ಕೊಟ್ಟು ತಂದ ಮಾತ್ರಕ್ಕೆ ಆಡುವಂತಿಲ್ಲ. ಅಗಸೆ ಎಣ್ಣೆ ಸವರಿ, ಮರದ ಸುತ್ತಿಗೆಯಿಂದ ಗಂಟೆಗಟ್ಟಲೆ ಹದವಾಗಿ ಬಡಿದು ಪಳಗಿಸಬೇಕು. ಹುಡುಗನಿಗೆ ಹೋಂವರ್ಕ್ ಇರುವುದರಿಂದ ಅಪ್ಪನೇ ರಾತ್ರಿ ಬಾಲ್ಕನಿಯಲ್ಲಿ ಕೂತು ಟಕ್ ಟಕ್ ಎಂದು ಬಡಿಯುತ್ತಾನೆ. ಕೆಳಗಿನ ಮನೆಯವರು ಮೊದಲ ದಿನ ಕೊಳಾಯಿ ರಿಪೇರಿ ಎಂದುಕೊಳ್ಳುತ್ತಾರೆ, ಮೂರನೆಯ ದಿನ ಸಂಘಕ್ಕೆ ದೂರು ಕೊಡುತ್ತಾರೆ. ಈ ಅಪ್ಪಂದಿರ ನಿದ್ದೆ ಕೆಡಿಸಿದ್ದು 2024ರ ನವೆಂಬರಿನ ಐಪಿಎಲ್ ಹರಾಜು. ಬಿಹಾರದ ವೈಭವ್ ಸೂರ್ಯವಂಶಿ ಎಂಬ ಹದಿಮೂರು ವರ್ಷದ ಹುಡುಗ 1.10 ಕೋಟಿಗೆ ಹೋದ. ಮರು ಏಪ್ರಿಲಿನಲ್ಲಿ 35 ಎಸೆತಕ್ಕೆ ನೂರು ಬಾರಿಸಿದ. ಆತನ ತಪ್ಪೇನೂ ಇಲ್ಲ, ಅವನು ಆಡಿದ. ಆದರೆ ಅಂದಿನಿಂದ ಹನ್ನೆರಡು ವರ್ಷದ ಮಗನನ್ನು ನೋಡುವ ಅಪ್ಪನ ಕಣ್ಣಿನಲ್ಲಿ ‘ಇನ್ನೊಂದೇ ವರ್ಷ ಉಳಿದಿದೆ’ ಎಂಬ ಗಾಬರಿ ಕಾಣುತ್ತದೆ. ಆ ಗಾಬರಿಗೆ ಅಕಾಡೆಮಿಗಳು ಬೆಳಗಿನ ಬ್ಯಾಚ್, ಸಂಜೆಯ ಬ್ಯಾಚ್ ಎಂದು ಎರಡು ಹೊತ್ತು ಔಷಧಿ ಕೊಡುತ್ತವೆ. ಮಗಳಿಗೆ ಚಿನ್ನ ಕೊಡಿಸಿದರೆ ಚಿನ್ನದ ಮೇಲೆ ಜಿಎಸ್‌ಟಿ ಶೇ 3. ಅದೇ ಮಗಳನ್ನು ಖಾಸಗಿ ಅಕಾಡೆಮಿಗೆ ಸೇರಿಸಿ ಓಟ ಕಲಿಸಿದರೆ ಶುಲ್ಕದ ಮೇಲೆ ಶೇ 18. ಹೆಣ್ಣುಮಕ್ಕಳು ಯಾವ ಕಡೆ ಹೋಗಬೇಕೆಂದು ತೆರಿಗೆಗೆ ಸ್ಪಷ್ಟವಾಗಿ ಗೊತ್ತಿದೆ.

ವಯಸ್ಸಿನ ಕಥೆಯನ್ನು ಹೇಳದೆ ಮುಂದೆ ಹೋದರೆ ಅಪಚಾರವಾದೀತು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ಸರ್ಕಾರ ಹೇಳಿದಾಗ ನಮ್ಮ ಪಾಲಕರು ಬೀದಿಗಿಳಿಯುವುದೊಂದು ಬಾಕಿ. ಐದೂವರೆಗೇ ನಮ್ಮ ಮಗು ಎಷ್ಟು ಬಲಿತಿದೆ ನೋಡಿ ಎಂದು ಅಂಗಲಾಚಿದರು. 2025ರ ಏಪ್ರಿಲಿನಲ್ಲಿ ಸರ್ಕಾರ ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಯಿತು. ಅದೇ ಮಗು ಮುಂದೆ ಹದಿನಾರರೊಳಗಿನ ಕ್ರಿಕೆಟ್ ತಂಡದ ಬಾಗಿಲಿಗೆ ಬಂದಾಗ ಕಥೆ ತಿರುಗುತ್ತದೆ. ಮೀಸೆ ಚಿಗುರಿದ್ದು ವಂಶದ ಗುಣ, ಎತ್ತರ ತಾಯಿಯ ಕಡೆಯದ್ದು, ಹುಡುಗ ಇನ್ನೂ ಎಳೆಯ ಎಂದು ವಾದ. ಇಂಥ ಎಳೆಯರನ್ನು ಕಂಡು ಕಂಡು ಬೇಸತ್ತ ಬಿಸಿಸಿಐ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ. ಜನನ ಪ್ರಮಾಣಪತ್ರ, ಆಧಾರ್, ಅಪ್ಪನ ಆಣೆ ಎಲ್ಲವೂ ಒಂದು ಮಾತು ಹೇಳುತ್ತಿರುವಾಗ ಮೂಳೆಯೊಂದೇ ಮನೆಯವರ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಈ ಗದ್ದಲದ ಆಚೆ ಸರ್ಕಾರಿ ಶಾಲೆಯ ಮಕ್ಕಳು ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಮೆಟ್ಟಿಲು ಹತ್ತುತ್ತಲೇ ಇದ್ದಾರೆ. ಬರಿಗಾಲು, ಪಿನ್ನು ಚುಚ್ಚಿದ ಚೆಸ್ಟ್ ನಂಬರು, ಮಧ್ಯಾಹ್ನಕ್ಕೆ ಪಲಾವು. ಆ ದಾರಿಯಲ್ಲಿ ಅವರು ಹೆಚ್ಚಾಗಿ ಆಡುವ ಆಟ ಖೋ ಖೋ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಪುರುಷರಲ್ಲೂ ಮಹಿಳೆಯರಲ್ಲೂ ಭಾರತವೇ ಗೆದ್ದಿತು. ಗೆದ್ದವರಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು, ಮಂಡ್ಯದ ಗೌತಮ್ ಇದ್ದರು. ರಾಜ್ಯ ಸರ್ಕಾರ ತಲಾ ಐದು ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ಮತ್ತು ಸರ್ಕಾರಿ ನೌಕರಿ ಕೊಡುತ್ತಿರುವಾಗ ಈ ಮೊತ್ತ ನಮಗೆ ಬೇಡ ಎಂದು ಇಬ್ಬರೂ ನಿರಾಕರಿಸಿದರು. ಐದು ಲಕ್ಷ ಯಾವ ಲೆಕ್ಕದಲ್ಲಿ ಬಂತು ಎಂದು ಯೋಚಿಸಿದ್ದೇನೆ. ಬೆಂಗಳೂರಿನ ದೊಡ್ಡ ಶಾಲೆಯೊಂದರ ಕ್ರೀಡಾ ದಿನದ ಹೊಗೆ, ಬಲೂನು, ಧ್ವನಿವರ್ಧಕಗಳ ಬಿಲ್ಲನ್ನು ಯಾರೋ ಕಡತದಲ್ಲಿ ತಪ್ಪಿ ಸೇರಿಸಿರಬೇಕು.

ಖೋ ಖೋ ದೊಡ್ಡ ಶಾಲೆಗಳಲ್ಲಿ ಏಕೆ ಇಲ್ಲ ಎಂಬುದಕ್ಕೆ ಉತ್ತರ ಸರಳವಾಗಿದೆ: ಅದರಲ್ಲಿ ಕೊಳ್ಳಲು ಏನೂ ಇಲ್ಲ. ಎರಡು ಕಂಬ ನೆಡಬೇಕು, ಸುಣ್ಣದ ಗೆರೆ ಎಳೆಯಬೇಕು, ಎದ್ದು ಓಡಬೇಕು. ಚೆಂಡಿಲ್ಲ, ಬ್ಯಾಟಿಲ್ಲ, ಪ್ಯಾಡಿಲ್ಲ. ಇಂಥ ಆಟಕ್ಕೆ ಕಿಟ್ ಬ್ಯಾಗ್ ಏನೆಂದು ಹೊರಿಸುವುದು? ಉಪ್ಪಿನ ಅಂಗಡಿಯಷ್ಟೂ ಲಾಭವಿಲ್ಲದ ಆಟವನ್ನು ಯಾವ ಆಡಳಿತ ಮಂಡಳಿ ತಾನೇ ಒಪ್ಪೀತು?

ಆದ್ದರಿಂದ ಖೋ ಖೋ ಉದ್ಧಾರಕ್ಕೆ ನನ್ನದೊಂದು ಯೋಜನೆ. ಮೊದಲು ಕಂಬವನ್ನು ಫಿನ್‌ಲೆಂಡಿನಿಂದ ತರಿಸಬೇಕು. ಕೂರುವ ಚೌಕಕ್ಕೆ ಮಗುವಿನ ಬೆನ್ನೆಲುಬಿನ ಅಳತೆಗೆ ಮಾಡಿಸಿದ ಮೆತ್ತೆ ಹಾಕಬೇಕು. ಬೆಳೆಯುವ ಮಕ್ಕಳಾದ್ದರಿಂದ ವರ್ಷಕ್ಕೊಂದು. ಕೂತು ಏಳುವುದನ್ನು ಹಂತ ಒಂದು, ಹಂತ ಎರಡು ಎಂದು ವಿಂಗಡಿಸಿ, ಹಂತ ಒಂದರಲ್ಲಿ ಬರೀ ಕೂರುವುದನ್ನು ಆರು ತಿಂಗಳು ಕಲಿಸಬೇಕು. ಬೆನ್ನು ಮುಟ್ಟಿ ‘ಖೋ’ ಎನ್ನುವವನ ದನಿ ಎಷ್ಟು ಡೆಸಿಬಲ್ ಇತ್ತು ಎಂದು ಅಪ್ಪನ ಮೊಬೈಲಿಗೆ ವರದಿ ಹೋಗಬೇಕು. ತರಬೇತಿಗೆ ಹೇಗೂ ಚೈತ್ರಾ, ಗೌತಮ್ ಅವರನ್ನೇ ಕರೆಯಬಹುದು. ಅವರ ಸಂಭಾವನೆ ಎಷ್ಟೆಂದು ಈಗಲೇ ಹೇಳಲಾಗದು, ಕಂಬದ ಕಸ್ಟಮ್ಸ್ ಸುಂಕ ಕಟ್ಟಿದ ಮೇಲೆ ಏನು ಉಳಿಯುತ್ತದೋ ನೋಡಬೇಕು. ಪ್ರವೇಶ ಅರ್ಜಿ ಶಾಲೆಯ ಆ್ಯಪಿನಲ್ಲಿದೆ. ಅರ್ಜಿಯ ಶುಲ್ಕ ಬೇರೆ, ಅರ್ಜಿ ತೆರೆಯುವ ಶುಲ್ಕ ಬೇರೆ.