ಅಂಟು ಬೇಡ, ಸ್ಕ್ರೂ ಕೊಡಿ

2020ರಲ್ಲಿ ಕಚೇರಿ ಮನೆಗೇ ಬಂದು ಕುಳಿತಾಗ ನಮ್ಮಲ್ಲಿ ಅನೇಕರು ಮೇಜಿನ ಮೇಲಿಡುವ, ಸ್ಪೀಕರ್, ಮೈಕ್ ಎರಡೂ ಇರುವ ಸಣ್ಣ ಸ್ಪೀಕರ್‌ಫೋನ್ ಕೊಂಡಿದ್ದೆವು. ಮೀಟಿಂಗ್‌ಗಳ ಕಾಟ ತಗ್ಗಿದ ಮೇಲೆ ನನ್ನದು ಊರಿಗೆ, ಅಪ್ಪನ ಬಳಿಗೆ ಹೋಯಿತು. ಅಪ್ಪನಿಗೆ ಕಿವಿ ಮಂದ. ಮೊಬೈಲ್ ಕಿವಿಗೊತ್ತಿಕೊಂಡರೆ ಅಕ್ಕನ ಮಾತು ಅರ್ಧಂಬರ್ಧ ಕೇಳುತ್ತಿತ್ತು. ಇದನ್ನು ಟೀಪಾಯಿಯ ಮೇಲಿಟ್ಟರೆ ಅಪ್ಪ, ಅಮ್ಮ ಇಬ್ಬರೂ ದೂರದ ಮೊಮ್ಮಗಳ ಜೊತೆ ಆರಾಮವಾಗಿ ಹರಟುತ್ತಾರೆ.

ಈಚೆಗೆ ಅದರ ಬ್ಯಾಟರಿ ಸೋತಿತು. ಪೂರ್ತಿ ಚಾರ್ಜ್ ಎಂದು ತೋರಿಸಿ, ಮಾತು ಶುರುವಾದ ಸ್ವಲ್ಪ ಹೊತ್ತಿಗೇ ಆರಿಹೋಗುತ್ತಿತ್ತು. ಸರ್ವಿಸ್ ಸೆಂಟರ್‌ನ ಹುಡುಗ, "ಇದಕ್ಕೆ ಬ್ಯಾಟರಿ ಬಿಡಿಯಾಗಿ ಬರುವುದಿಲ್ಲ ಸರ್, ಹೊಸದೇ ತೆಗೆದುಕೊಳ್ಳಿ" ಎಂದ. ನನಗೆ ಸಿಟ್ಟು ಬಂದದ್ದು ಆ ಹುಡುಗನ ಮೇಲಲ್ಲ. ಸಾಧನವನ್ನು ರೂಪಿಸುವಾಗಲೇ ಅವನ ಬಾಯಿಗೆ ಈ ಉತ್ತರ ತುರುಕಿದವರ ಮೇಲೆ.

ಬ್ಯಾಟರಿ ಸವೆಯುತ್ತದೆ ಎಂಬುದು ಯಾರಿಗೂ ಹೊಸ ಸುದ್ದಿಯಲ್ಲ. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಸೆಲ್ಲನ್ನು ಮಾರುಕಟ್ಟೆಗೆ ತಂದಂದಿನಿಂದಲೂ ತಯಾರಕರಿಗೆ ಇದು ಗೊತ್ತು. ಸಾಮಾನ್ಯವಾಗಿ 300ರಿಂದ 500 ಸಲ ತುಂಬಿ ಬರಿದಾಗುವಷ್ಟರಲ್ಲಿ ಸಾಮರ್ಥ್ಯ ಶೇ. 80ರ ಆಸುಪಾಸಿಗೆ ಇಳಿಯುತ್ತದೆ. ಸದಾ ಚಾರ್ಜಿಗೆ ಸಿಕ್ಕಿಸಿ 4.2 ವೋಲ್ಟ್‌ನಲ್ಲೇ, ಅಂದರೆ ಪೂರ್ತಿ ತುಂಬಿದ ಸ್ಥಿತಿಯಲ್ಲೇ, ಇಟ್ಟರೆ, ಅದರಲ್ಲೂ ನಮ್ಮ ಬೇಸಿಗೆಯ ಸೆಕೆಯಲ್ಲಿ, ಬಳಸದಿದ್ದರೂ ಸವೆಯುತ್ತದೆ. ದಿನವಿಡೀ ಲ್ಯಾಪ್‌ಟಾಪ್‌ಗೆ ಅಂಟಿಕೊಂಡೇ ಇದ್ದ ಸ್ಪೀಕರ್‌ಫೋನ್‌ಗಳ ಗತಿ ಇದೇ. ಆದರೆ ಅದರ ಸ್ಪೀಕರ್, ಮೈಕ್, ಪ್ರತಿಧ್ವನಿ ಸೋಸುವ ಚಿಪ್ ಎಲ್ಲ ಗಟ್ಟಿಮುಟ್ಟಾಗಿಯೇ ಇವೆ. ಟೈರ್ ಸವೆಯಿತೆಂದು ಸೈಕಲ್ ಎಸೆಯುವವರುಂಟೇ?

ಹಾಗಾಗಿ ಬಿಚ್ಚಿದೆ. ಮೊದಲು ಚಾರ್ಜ್ ಖಾಲಿ ಮಾಡಿಕೊಂಡೆ. ತುಂಬಿದ ಸೆಲ್ಲಿಗೆ ಪೆಟ್ಟಾದರೆ ಅಪಾಯ ಹೆಚ್ಚು. ಬುಡಕ್ಕೆ ಅಂಟಿಸಿದ್ದ ರಬ್ಬರ್ ಬಳೆಗೆ ಹೇರ್ ಡ್ರೈಯರ್‌ನಿಂದ ಬಿಸಿ ತಾಗಿಸಿ ಮೆಲ್ಲಗೆ ಎಬ್ಬಿಸಿದರೆ ಅದರಡಿ ಸ್ಕ್ರೂಗಳು ಅಡಗಿ ಕುಳಿತಿದ್ದವು. ಅವನ್ನು ತೆಗೆದ ಮೇಲೂ ಮುಚ್ಚಳ ಬರಲಿಲ್ಲ. ಸುತ್ತಲೂ ಪ್ಲಾಸ್ಟಿಕ್ ಕೊಕ್ಕೆಗಳು. ಹಳೆಯ ಎಟಿಎಂ ಕಾರ್ಡ್ ತೂರಿಸಿ ಒಂದೊಂದೇ ಬಿಡಿಸಿದೆ. ಇಲ್ಲಿ ಚಾಕು, ಸ್ಕ್ರೂಡ್ರೈವರ್ ಹಾಕಲೇಬೇಡಿ. ಒಳಗೆ ಬೆಳ್ಳಿ ಬಣ್ಣದ ಚೀಲದಂಥ ಸೆಲ್ ನಡು ಉಬ್ಬಿಸಿಕೊಂಡು ಸ್ಪೀಕರನ್ನು ಒತ್ತುತ್ತಿತ್ತು. ಒಳಗಿನ ದ್ರಾವಣ ಕೆಟ್ಟು ಅನಿಲವಾದದ್ದರ ಗುರುತು ಅದು. ಇಂಥ ಸೆಲ್ಲನ್ನು ಚುಚ್ಚಬಾರದು, ಮಡಚಬಾರದು, ಮತ್ತೆ ಚಾರ್ಜ್ ಮಾಡಲೂಬಾರದು.

ಅದರ ಮೈಮೇಲೆ 103450 ಎಂದು ಬರೆದಿತ್ತು. ಅದು ಗುಟ್ಟಿನ ಸಂಕೇತವೇನಲ್ಲ: 10 ಮಿ.ಮೀ. ದಪ್ಪ, 34 ಅಗಲ, 50 ಉದ್ದ. ಯಾರು ಬೇಕಾದರೂ ತಯಾರಿಸುವ, ಯಾರು ಬೇಕಾದರೂ ಕೊಳ್ಳಬಹುದಾದ ಅಳತೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರು ಫೋಟೊ ನೋಡಿದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ: "ಎರಡು ವೈರಿನದೋ, ಮೂರು ವೈರಿನದೋ?" ಆ ಪ್ರಶ್ನೆಯಲ್ಲಿ ಇಡೀ ವಿದ್ಯೆ ಇದೆ. ಕೆಂಪು, ಕಪ್ಪು ವೈರ್ ವಿದ್ಯುತ್ತಿಗೆ. ಮೂರನೆಯದು ಸೆಲ್ಲಿನ ಬಿಸಿಯನ್ನು ಅಳೆದು ಚಾರ್ಜಿಂಗ್ ಚಿಪ್‌ಗೆ ತಿಳಿಸುವುದಕ್ಕೆ. ಅದಿಲ್ಲದಿದ್ದರೆ ಸಾಧನ ಚಾರ್ಜ್ ಆಗಲು ಒಪ್ಪದೇ ಹೋಗಬಹುದು. ಅಲ್ಲಿ ಸದಾ ಒಂದೇ ಅಳತೆ ತೋರಿಸುವ ರೆಸಿಸ್ಟರ್ ಬೆಸೆದು ಚಿಪ್ಪಿಗೆ ಮೋಸ ಮಾಡುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಸೆಲ್ ಕಾದರೂ ಚಿಪ್ಪಿಗೆ ತಿಳಿಯದಂತಾಗುತ್ತದೆ. ಇನ್ನೊಂದು ಮಾತು: ಕನೆಕ್ಟರ್ ಸರಿಯಾಗಿ ಕೂರುತ್ತದೆ ಎಂದ ಮಾತ್ರಕ್ಕೆ ಪ್ಲಸ್, ಮೈನಸ್ ಸರಿಯಾಗಿವೆ ಎಂದರ್ಥವಲ್ಲ. ಒಬ್ಬೊಬ್ಬ ತಯಾರಕರದು ಒಂದೊಂದು ಕ್ರಮ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿಯೇ ಸಿಕ್ಕಿಸಬೇಕು. ನಾನು ಮೂರು ವೈರಿನದನ್ನೇ ತಂದು, ಅಳೆದು, ಕೂರಿಸಿದೆ. ಹೊಸ ಸ್ಪೀಕರ್‌ಫೋನಿನ ಬೆಲೆಯ ಮುಂದೆ ಅದಕ್ಕೆ ಕೊಟ್ಟ ದುಡ್ಡು ಲೆಕ್ಕಕ್ಕೇ ಇಲ್ಲ.

ಕೆಲಸ ಮುಗಿಯಿತು, ಸಿಟ್ಟು ಮುಗಿಯಲಿಲ್ಲ. ನನಗೆ ಬೆಸುಗೆ, ಮೀಟರ್ ಹಿಡಿದು ರೂಢಿಯಿದೆ. ಅಪ್ಪನಂಥವರು ಏನು ಮಾಡಬೇಕು? ತಿರುಪು ತೆಗೆದರೆ ಸೆಲ್ ಕೈಗೆ ಬರುವಂತೆ ಮಾಡಲು ಯಾವ ಹೊಸ ಸಂಶೋಧನೆಯೂ ಬೇಕಿಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ನಿಯಮದ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2027ರ ಫೆಬ್ರುವರಿ 18ರಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ಬಿಸಿ ತಾಗಿಸುವ, ರಾಸಾಯನಿಕ ಸುರಿಯುವ ಅಗತ್ಯ ಇರಕೂಡದು. ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಬದಲಿ ಬ್ಯಾಟರಿ ನ್ಯಾಯವಾದ ಬೆಲೆಗೆ ಸಿಗಬೇಕು. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಕಂಪನಿಗಳ ರಿಪೇರಿ ಮಾಹಿತಿ ಒಂದೆಡೆ ಕೊಡುವ ರೈಟ್ ಟು ರಿಪೇರಿ ಪೋರ್ಟಲ್ ಆರಂಭಿಸಿತು, ಒಳ್ಳೆಯದೇ. ಆದರೆ ಪೋರ್ಟಲ್‌ನಿಂದ ಅಂಟು ಕರಗುವುದಿಲ್ಲ. ಕಡ್ಡಾಯ ನಿಯಮ ಬೇಕು, ಅದೂ ಸ್ಪೀಕರ್‌ಫೋನ್, ಇಯರ್‌ಫೋನ್‌ನಂಥ ಸಣ್ಣ ವಸ್ತುಗಳನ್ನೂ ಒಳಗೊಂಡು.

ತೆಗೆದ ಹಳೆಯ ಸೆಲ್ಲನ್ನು ಕಸದ ಗಾಡಿಗೆ ಹಾಕಬೇಡಿ. ಗಾಡಿಯಲ್ಲಿ ಕಸ ಒತ್ತುವಾಗ ಅದು ಹೊತ್ತಿಕೊಳ್ಳಬಹುದು, ಅಲ್ಲಿ ನಿಂತಿರುವವರು ಪೌರಕಾರ್ಮಿಕರು. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ನಿಮ್ಮಲ್ಲಿ ಯಾರಾದರೂ ಕಚೇರಿಗೆ ಇಂಥವನ್ನು ಹತ್ತಿಪ್ಪತ್ತು ಒಟ್ಟಿಗೆ ತರಿಸುವ ಹುದ್ದೆಯಲ್ಲಿದ್ದರೆ, ಆರ್ಡರ್ ಕೊಡುವ ಮುನ್ನ ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಒಂದು ಸಾಧನ ಕೊಳ್ಳುವ ನನ್ನ ಮಾತಿಗಿಂತ ನಿಮ್ಮ ಮಾತು ಅವರಿಗೆ ಬೇಗ ಕೇಳಿಸುತ್ತದೆ.