ಮೊದಲು ಕುಂಡ ಎತ್ತಿ ನೋಡಿ

ಬೇರು ಉಸಿರುಗಟ್ಟಿ ಸಾಯುತ್ತಿರುವ ಗಿಡಕ್ಕೆ ಮೇಲಿಂದ ಮೇಲೆ ಗೊಬ್ಬರ ಹಾಕಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇವತ್ತು ಸಂಜೆಯಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ಬರೆದು ಹಾಕದೆ ನಿದ್ದೆ ಬರುವುದಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ವಿಷಯ ನಮ್ಮ ಪಕ್ಕದ ಮನೆ ಅಜ್ಜನದು. ಪೋರ್ಚುಗಲ್‌ನಿಂದ ಬಂದವರು, ಇಲ್ಲೇ ಕೆನಡಾದ ಮಿಸಿಸಾಗದಲ್ಲಿ ಕಟ್ಟಡದ ಕೆಲಸ ಮಾಡಿ ಬೆನ್ನು ಸವೆಸಿಕೊಂಡವರು. ಬೇಸಿಗೆಯಲ್ಲಿ ಅವರ ಹಿತ್ತಲಿನ ಟೊಮೆಟೊ, ದ್ರಾಕ್ಷಿ ನಮ್ಮ ಮನೆಗೂ ಬರುತ್ತದೆ. ಈ ಚಳಿಗಾಲ ಅವರು ಬೇಸ್‌ಮೆಂಟಿನಲ್ಲಿ ಎಲ್‌ಇಡಿ ದೀಪದ ಕೆಳಗೆ ಎರಡು ಗಾಂಜಾ ಗಿಡ ಇಟ್ಟಿದ್ದಾರೆ. ಊರಿನವರು ಗಾಬರಿಯಾಗಬೇಡಿ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಇದು ಕಾನೂನುಬದ್ಧ, ಒಂದು ಮನೆಗೆ 4 ಗಿಡದ ತನಕ, ಮನೆಯಲ್ಲಿ ಎಷ್ಟು ಜನ ಇದ್ದರೂ ಅಷ್ಟೇ. ಕ್ವಿಬೆಕ್ ಪ್ರಾಂತ್ಯ ಮನೆಯಲ್ಲಿ ಬೆಳೆಯೋದು ಬೇಡ ಅಂದಿತು, 2023ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು. ನಮ್ಮ ಒಂಟಾರಿಯೊದಲ್ಲಿ ಅಡ್ಡಿಯಿಲ್ಲ. ಭಾರತದಲ್ಲಿ ಇರುವವರು ಮಾತ್ರ ದಯವಿಟ್ಟು ಇದನ್ನು ಓದಿ ಏನೂ ಮಾಡಲು ಹೋಗಬೇಡಿ. ಅಲ್ಲಿ 1985ರ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೆಯಲ್ಲಿ ಬೆಳೆಯುವುದೇ ಅಪರಾಧ, 10 ವರ್ಷದ ತನಕ ಜೈಲು ಆಗಬಹುದು. ನಮ್ಮ ಕಡೆ ಜೋಳದ ಮಧ್ಯೆ, ಶುಂಠಿಯ ಮಧ್ಯೆ ಬೆಳೆದಿದ್ದನ್ನು ಪೊಲೀಸರು ಕಿತ್ತ ಸುದ್ದಿ ನೀವೇ ಓದಿರುತ್ತೀರಿ.

ಅಜ್ಜ ನನ್ನನ್ನು ಕರೆದಿದ್ದು ನಮ್ಮ ಮನೆಯ ಕರಿಬೇವಿನ ಗಿಡ ಇಲ್ಲಿನ ಚಳಿಯಲ್ಲೂ ಬದುಕಿದೆ ಅಂತ. ನಾನು ಓದಿದ್ದು ಕೃಷಿ, ಹೊಟ್ಟೆಪಾಡಿಗೆ ಮಾಡೋದು ಗೋದಾಮಿನ ಲೆಕ್ಕ, ಅದು ನಿಮಗೆ ಗೊತ್ತೇ ಇದೆ. "ಗಿಡ ಸಾಯ್ತಾ ಇದೆ, ಬಂದು ನೋಡಮ್ಮ" ಅನ್ನುವ ಧಾಟಿಯಲ್ಲಿ ಕರೆದರು. ಹೋದೆ. ಕೆಳಗಿನ ಹಳೇ ಎಲೆ ಹಳದಿ. ತುದಿಯೆಲ್ಲ ಕಂದು ಬಣ್ಣಕ್ಕೆ ಸುಟ್ಟಂತೆ. ಮೇಲಿನ ಹೊಸ ಎಲೆಯಲ್ಲಿ ನರ ಮಾತ್ರ ಹಸಿರು, ಉಳಿದಿದ್ದು ಬಿಳಚು. ನಡುವಿನ ಎಲೆಗಳಲ್ಲಿ ತುಕ್ಕಿನಂಥ ಚುಕ್ಕೆ. ಇಡೀ ಗಿಡ ತೊಟ್ಟಿನಿಂದಲೇ ಜೋತುಬಿದ್ದಿದೆ. ಪಕ್ಕದ ಮೇಜಿನ ಮೇಲೆ ಸಾಲಾಗಿ ಬಾಟಲಿ.

ಆ ಬಾಟಲಿ ನೋಡಿಯೇ ನನಗೆ ಸಿಟ್ಟು ಬಂದಿದ್ದು. ಹಳೇ ಎಲೆ ಹಳದಿ ಆಗಿದ್ದಕ್ಕೆ ಸಾರಜನಕದ್ದು ಒಂದು. ಚುಕ್ಕೆಗೆ ಕ್ಯಾಲ್-ಮ್ಯಾಗ್ ಒಂದು, ಅಂದರೆ ಕ್ಯಾಲ್ಸಿಯಂ ಮೆಗ್ನೀಸಿಯಂ ಬೆರೆಸಿದ್ದು. ಹೊಸ ಎಲೆ ಬಿಳಚಿದ್ದಕ್ಕೆ ಕಬ್ಬಿಣದ್ದು ಒಂದು. ಜೋತುಬಿದ್ದಿದ್ದಕ್ಕೆ ಬೇರು ಬೆಳೆಸುತ್ತೆ ಅನ್ನೋ ಇನ್ನೊಂದು. ಅಜ್ಜ ಫೋನಿನಲ್ಲಿ ಎಲೆಯ ಫೋಟೋ ತೋರಿಸುವುದು, ಅಂಗಡಿಯವನು ಗೋಡೆಯ ಚಾರ್ಟ್ ನೋಡಿ ಒಂದೊಂದು ಬಾಟಲಿ ಇಳಿಸುವುದು. ಯಾವ ನೀರು ಹಾಕ್ತೀರಿ, ಎಷ್ಟು ದಿನಕ್ಕೊಮ್ಮೆ, ಕುಂಡಕ್ಕೆ ತೂತು ಇದೆಯಾ, ಕುಂಡ ಎಲ್ಲಿಟ್ಟಿದ್ದೀರಿ? ಒಂದು ಪ್ರಶ್ನೆಯೂ ಇಲ್ಲ! ಅಜ್ಜನ ಅಳಿಯ ಕೂಡ ಅದೇ ಜಾತಿ, ದೂರದಿಂದ ಫೋಟೋ ನೋಡಿ ಇದು ಮೆಗ್ನೀಸಿಯಂ ಕೊರತೆ ಅಂತ ತೀರ್ಪು ಕೊಟ್ಟಿದ್ದಾನೆ. ಅದೂ ನೇರಳೆ ದೀಪದ ಕೆಳಗೆ ತೆಗೆದ ಫೋಟೋ. ಆ ಬೆಳಕಿನಲ್ಲಿ ಹಸಿರು ಯಾವುದು ಹಳದಿ ಯಾವುದು ಅಂತ ಯಾರಿಗೆ ಗೊತ್ತಾಗುತ್ತೆ?

ನಾನು ಮೊದಲು ಕುಂಡ ಎತ್ತಲು ಹೋದೆ. ಮೇಲೇಳಲೇ ಇಲ್ಲ. ಚಂದಕ್ಕೆ ಅಂತ ಹೊರಗೊಂದು ತೂತಿಲ್ಲದ ಕುಂಡ, ಅದರೊಳಗೆ 20 ಲೀಟರಿನ ಪ್ಲಾಸ್ಟಿಕ್ ಕುಂಡ, ಎರಡರ ನಡುವೆ ಬೆರಳು ಮುಳುಗುವಷ್ಟು ನೀರು ನಿಂತು ನಾರುತ್ತಿದೆ. ಗಿಡ ಚಿಕ್ಕದಿರುವಾಗಲೇ ಅಷ್ಟು ದೊಡ್ಡ ಕುಂಡಕ್ಕೆ ಹಾಕಿಸಿದ್ದಾರೆ. ಅಂಗೈಯಷ್ಟು ಬೇರು, ಸುತ್ತ ಬಕೆಟ್ ತುಂಬ ಒದ್ದೆ ಪೀಟ್, ಅಂದರೆ ಕೊಳೆತ ಪಾಚಿಯ ಮಣ್ಣು. ಆ ಬೇರು ಅಷ್ಟು ನೀರನ್ನು ಯಾವ ಕಾಲಕ್ಕೆ ಕುಡಿದು ಮುಗಿಸೀತು? ಸಾಲದ್ದಕ್ಕೆ ಕುಂಡ ಕೂತಿರುವುದು ಫೆಬ್ರವರಿಯ ಕಾಂಕ್ರೀಟ್ ನೆಲದ ಮೇಲೆ. ಮೇಲೆ ಹೀಟರಿನ ಒಣ ಗಾಳಿ, ಕೆಳಗೆ ಬೇರಿಗೆ ಥಂಡಿ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರಾಡುತ್ತಿವೆ. ಇದನ್ನು ನೋಡೋಕೆ ಕೃಷಿ ಪದವಿ ಬೇಕಿಲ್ಲ, ಬಗ್ಗಿದರೆ ಸಾಕು. ಯಾರೂ ಬಗ್ಗಿರಲಿಲ್ಲ.

ಬೇರಿಗೂ ಗಾಳಿ ಬೇಕು. ನೀರಿನೊಳಗೆ ಆಮ್ಲಜನಕ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರಿಗೆ ಉಸಿರಿಲ್ಲ. ಉಸಿರಿಲ್ಲದಿದ್ದರೆ ಶಕ್ತಿ ಇಲ್ಲ, ಶಕ್ತಿ ಇಲ್ಲದಿದ್ದರೆ ಸಾರಜನಕವೂ ಇಲ್ಲ, ಕಬ್ಬಿಣವೂ ಇಲ್ಲ, ಪಕ್ಕದಲ್ಲೇ ರಾಶಿ ಬಿದ್ದಿದ್ದರೂ ಬೇರು ಅದನ್ನು ಒಳಗೆ ತೆಗೆದುಕೊಳ್ಳಲಾರದು. ಆಗ ಚಾರ್ಟಿನಲ್ಲಿರುವ ಎಲ್ಲ ಕೊರತೆಯೂ ಒಂದೇ ಗಿಡದ ಮೇಲೆ ಕಾಣಿಸುತ್ತದೆ. ನಿಜವಾಗಿ ಸಾರಜನಕ ಮಾತ್ರ ಕಮ್ಮಿ ಆಗಿದ್ದರೆ ಗಿಡ ಹಳೇ ಎಲೆಯಿಂದ ಅದನ್ನು ಹೀರಿ ಹೊಸ ಎಲೆಗೆ ಕೊಡುತ್ತೆ, ಕೆಳಗೆ ಹಳದಿ ಇದ್ದರೂ ಮೇಲೆ ಹಸಿರಿರುತ್ತೆ. ಕಬ್ಬಿಣ ಹಾಗೆ ಓಡಾಡುವುದಿಲ್ಲ, ಅದು ಕಮ್ಮಿಯಾದರೆ ಹೊಸ ಎಲೆಯೇ ಮೊದಲು ಬಿಳಚುತ್ತದೆ. ಕೆಳಗೂ ಮೇಲೂ ನಡುವೆಯೂ ಒಟ್ಟಿಗೇ ಕೆಟ್ಟಿದೆ ಅಂದರೆ ಬಾಟಲಿ ಬಿಟ್ಟು ಬೇರಿನ ಕಡೆ ನೋಡಬೇಕು ಅಲ್ವಾ? ಇದರಲ್ಲಿ ಅತಿ ಮೋಸದ ಲಕ್ಷಣ ಆ ಜೋತುಬೀಳುವುದು. ಬೇರು ಕೆಲಸ ಮಾಡದಿದ್ದರೆ ನೀರೂ ಮೇಲೇರುವುದಿಲ್ಲ, ನೀರಿನಲ್ಲೇ ನಿಂತ ಗಿಡ ಬಾಯಾರಿದ ಗಿಡದ ಹಾಗೆ ಕಾಣುತ್ತದೆ, ನೋಡಿದವರು ಅಯ್ಯೋ ಪಾಪ ಅಂತ ಇನ್ನೊಂದು ಚೊಂಬು ಹೊಯ್ಯುತ್ತಾರೆ. ಬಾಯಾರಿದ ಗಿಡದ ಎಲೆ ತೆಳ್ಳಗೆ ಕಾಗದದ ಹಾಗಿರುತ್ತೆ, ಕುಂಡ ಹಗುರ ಇರುತ್ತೆ. ಇಲ್ಲಿ ಎಲೆ ದಪ್ಪಗೆ ಕೆಳಕ್ಕೆ ಬಾಗಿತ್ತು, ಕುಂಡ ಕಲ್ಲಿನಷ್ಟು ಭಾರ.

ಈ ಬಾಟಲಿಗಳು ಸುಮ್ನೆ ಮೋಸ ಅಂತ ನಾನು ಹೇಳುತ್ತಿಲ್ಲ. ತೆಂಗಿನ ನಾರಿನ ಪುಡಿಯಲ್ಲಿ ಬೆಳೆದು, ಆರ್‌ಒ ನೀರು ಹಾಕುವವರಿಗೆ ಕ್ಯಾಲ್-ಮ್ಯಾಗ್ ನಿಜವಾಗಿ ಬೇಕಾಗುತ್ತೆ, ಆ ನೀರಿನಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ಆದರೆ ಅಜ್ಜ ಹಾಕುತ್ತಿರುವುದು ನಲ್ಲಿ ನೀರು, ಒಂಟಾರಿಯೊ ಸರೋವರದ್ದು. ಕೆಟಲ್ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಕ್ಯಾಲ್ಸಿಯಂ. ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲೆ. ಮಣ್ಣಿನಲ್ಲಿ ಈ ಗಿಡಕ್ಕೆ 6ರಿಂದ 7ರೊಳಗೆ ಇದ್ದರೆ ಚೆನ್ನ, ಅದಕ್ಕಿಂತ ಏರಿದರೆ ಕಬ್ಬಿಣ ಮಣ್ಣಿನಲ್ಲಿದ್ದೂ ಬೇರಿಗೆ ಸಿಗುವುದಿಲ್ಲ. ಆ ನೀರಿಗೆ ಮತ್ತೆ ಕ್ಯಾಲ್ಸಿಯಂ ಸುರಿಸಿ, ಮೇಲೆ ಮೂರು ಥರದ ಗೊಬ್ಬರದ ಉಪ್ಪು ಸೇರಿಸಿದರೆ ಎಲೆಯ ತುದಿ ಸುಡದೆ ಇನ್ನೇನಾಗುತ್ತೆ? ಇದನ್ನು ಹೇಳಿದ್ದಕ್ಕೆ ಅಳಿಯ ಫೋನಿನಲ್ಲೇ ಹಾಗಾದರೆ ಉಪ್ಪು ತೊಳೆದುಹೋಗಲು ಇಪ್ಪತ್ತು ಮೂವತ್ತು ಲೀಟರ್ ನೀರು ಹೊಯ್ಯಿ ಅಂದ. ಮುಳುಗುತ್ತಿರುವ ಗಿಡಕ್ಕೆ! ನಾನು ಸ್ವಲ್ಪ ಗಟ್ಟಿಯಾಗೇ ಬೇಡ ಅಂದೆ, ಅಜ್ಜನೂ ಬೆಚ್ಚಿದರು.

ನನ್ನ ಕೋಪ ಇಷ್ಟು ದೊಡ್ಡದಾಗಲು ಕಾರಣ ಇದೆ, ನಿಮ್ಮಲ್ಲಿ ಕೆಲವರಿಗೆ ಗೊತ್ತು. ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಗದ್ದೆಗೆ ಶುಂಠಿ ಹಾಕಿದ್ದರು. ಮಳೆಗಾಲದಲ್ಲಿ ಎಲೆ ಹಳದಿಯಾಯಿತು. ಔಷಧಿ ಅಂಗಡಿಯವರು ಒಂದು ಎಲೆ ನೋಡಿ ಒಂದು ಡಬ್ಬಿ ಕೊಟ್ಟರು, ವಾರ ಬಿಟ್ಟು ಇನ್ನೊಂದು, ಮತ್ತೊಂದು. ಗದ್ದೆಗೆ ಯಾರೂ ಬರಲಿಲ್ಲ. ಕೊನೆಗೆ ನಮ್ಮ ಕೇರಿಯ ಹಿರಿಯರೊಬ್ಬರು ಬಂದು, ಒಂದು ಬುಡ ಎಳೆದು, ಮೂಸಿ, "ಮೊದಲು ಬಸಿಗಾಲುವೆ ತೆಗೆಸು ಮಾರಾಯ" ಅಂದರು. ಅಷ್ಟರಲ್ಲಿ ಗೆಡ್ಡೆ ಕೊಳೆತು ಅರ್ಧ ಗದ್ದೆ ಹೋಗಿತ್ತು, ಡಬ್ಬಿಗೆ ಮಾಡಿದ ಸಾಲ ಉಳಿದಿತ್ತು. ಶುಂಠಿಗೆ ಆ ಕೊಳೆ ತರುವುದು ಪಿಥಿಯಂ ಅನ್ನುವ ಜೀವಿ. ಇಲ್ಲಿ ಗಾಂಜಾ ಬೆಳೆಯುವವರ ಕುಂಡದಲ್ಲಿ ಬೇರು ಕೊಳೆಸುವುದೂ ಅದೇ ಕುಲದ್ದು. ನಿಂತ ನೀರು ಸಿಕ್ಕಿದರೆ ಅದಕ್ಕೆ ಶಿವಮೊಗ್ಗದ ಸಾಗರವೂ ಒಂದೇ, ಮಿಸಿಸಾಗವೂ ಒಂದೇ. ಅಡಿಕೆಗೆ ಹಿಡಿಮುಂಡಿಗೆ ರೋಗ ಬಂದಾಗಲೂ ತಿಳಿದವರು ಮೊದಲು ನೋಡುವುದು ನೀರು ಬಸಿಯುತ್ತಿದೆಯಾ ಅಂತ. ತೋಟದವರಿಗೆ ಇದು ಹಾಲು ಕುಡಿದಷ್ಟು ಸಲೀಸಾದ ತಿಳಿವಳಿಕೆ. ಮಾರುವವರಿಗೆ ಮಾತ್ರ ಬೇಡವಾಗಿದೆ, ನೀರು ನಿಲ್ಲಿಸಿ ಅಂತ ಹೇಳಿದರೆ ಅವರಿಗೆ ದುಡ್ಡು ಹುಟ್ಟುವುದಿಲ್ಲ.

ನಮ್ಮನೆಯವರು ಇದಕ್ಕೆಲ್ಲ ಒಂದು ಮಾತು ಹೇಳಿದರು. ಹಿಮಾಚಲದಲ್ಲಿ ಗಾಂಜಾ ರಸ್ತೆ ಬದಿಯಲ್ಲಿ ತಾನಾಗಿ ಬೆಳೆಯುತ್ತೆ, ಕಳೆ ಅದು, ಇದಕ್ಕೇನು ಇಷ್ಟು ಆರೈಕೆ, ಕಿತ್ತುಹಾಕಿ ಹೊಸ ಬೀಜ ಹಾಕೋಕೆ ಹೇಳು ಅಂತ. ಅಲ್ಲಿ ಬೆಳೆಯೋದು ನಿಜ. ಅಲ್ಲಿ ಇಳಿಜಾರಿದೆ, ಮಳೆ ಬಿದ್ದಿದ್ದು ಹರಿದು ಹೋಗುತ್ತೆ, ಬೇರು ಬೇಕಾದ ಕಡೆ ಇಳಿಯುತ್ತೆ, ದಿನವಿಡೀ ಗಾಳಿ. ಇಲ್ಲಿ ಅದೇ ಗಿಡವನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಪ್ಲಾಸ್ಟಿಕ್ ಬಕೆಟಿನಲ್ಲಿ ಕೂರಿಸಿದ್ದೇವೆ. ಬಿಸಿಲು, ಗಾಳಿ, ನೀರು, ರಾತ್ರಿ, ಹಗಲು, ಎಲ್ಲ ನಾವು ಕೊಟ್ಟಷ್ಟೇ. ಹೊಸ ಬೀಜ ಹಾಕಿದರೂ ಅದೇ ಕುಂಡ, ಅದೇ ನಿಂತ ನೀರು, ಅದೇ ಬಾಟಲಿ ಅಲ್ವಾ?

ಕೊನೆಗೆ ಮಾಡಿದ್ದು ಇಷ್ಟು. ಎರಡೂ ಗಿಡ ಮೆಲ್ಲಗೆ ಹೊರಗೆಳೆದೆವು. ಒಂದರ ಬೇರು ಪೂರ್ತಿ ಕಂದು, ಮುಟ್ಟಿದರೆ ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಕೈಗೆ ಬರುತ್ತಿತ್ತು. ಅದು ಮುಗಿದ ಕಥೆ. ಅದನ್ನು ಮಣ್ಣಿನ ಸಮೇತ ಚೀಲ ಕಟ್ಟಿ ಎಸೆಯಿರಿ ಅಂದೆ. ಇನ್ನೊಂದರಲ್ಲಿ ಕಾಂಡದ ಹತ್ತಿರ ಸ್ವಲ್ಪ ಬಿಳಿ ಬೇರು ಇತ್ತು. ಕೊಳೆತದ್ದನ್ನು ಕತ್ತರಿಸಿ, ಬೇರು ಎಷ್ಟಿದೆಯೋ ಅಷ್ಟಕ್ಕೆ ಸರಿಯಾದ ಚಿಕ್ಕ ಬಟ್ಟೆ ಕುಂಡಕ್ಕೆ, ಮೂರನೇ ಒಂದು ಪಾಲು ಪರ್ಲೈಟ್ (ನೀರು ಬಸಿಯಲು ಬಿಡುವ ಹಗುರ ಬಿಳಿ ಕಾಳು) ಬೆರೆಸಿದ ಹೊಸ ಮಣ್ಣಿಗೆ ಹಾಕಿದೆವು. ಕೆಳಗೆ ಎರಡು ಮರದ ಪಟ್ಟಿ ಇಟ್ಟು ನೆಲದಿಂದ ಮೇಲೆತ್ತಿದೆವು. ಬೇರು ಕಮ್ಮಿ ಇರುವಾಗ ಎಲೆಗೆ ಜಾಸ್ತಿ ಬೆಳಕು ತಡೆಯುವುದಿಲ್ಲ, ದೀಪವನ್ನು ಮೇಲೇರಿಸಿ ಮಂದ ಮಾಡಿದೆವು. ಸಣ್ಣ ಫ್ಯಾನು, ಅದೂ ಗಿಡಕ್ಕೆ ನೇರ ಬಡಿಯದ ಹಾಗೆ. ಗೊಬ್ಬರ ಪೂರ್ತಿ ಬಂದ್. ನೊಣಕ್ಕೆ ಹಳದಿ ಅಂಟು ಕಾರ್ಡು, ಮಣ್ಣಿನೊಳಗಿನ ಅದರ ಮರಿಗೆ ಬಿಟಿಐ ಅನ್ನೋ ಬ್ಯಾಕ್ಟೀರಿಯಾದ ಪುಡಿ, ಆ ಮರಿಗಳು ಎಳೆ ಬೇರನ್ನೂ ತಿನ್ನುತ್ತವೆ. ಟ್ರೈಕೋಡರ್ಮಾ ಅನ್ನೋ ಒಳ್ಳೆಯ ಶಿಲೀಂಧ್ರ ಹಾಕಬಹುದಾ ಅಂತ ನೀವು ಕೇಳುತ್ತೀರಿ, ಹಾಕಿ, ಆದರೆ ಅದು ಕಾವಲಿಗೆ ಒಳ್ಳೆಯದು, ಕೊಳೆತ ಬೇರನ್ನು ಬದುಕಿಸುವುದಿಲ್ಲ. ಹೂ ಬಿಟ್ಟ ಗಿಡಕ್ಕೆ ಬೇವಿನೆಣ್ಣೆ ಮಾತ್ರ ಹೊಡೆಯಬೇಡಿ, ಸೇದುವವರ ಎದೆಗೆ ಹೋಗುತ್ತೆ ಅದು.

ಅಜ್ಜ ಕೇಳಿದ್ದು ಒಂದೇ, "ಈ ಹಳದಿ ಎಲೆ ಯಾವಾಗ ಹಸಿರಾಗುತ್ತೆ?" ಆಗುವುದಿಲ್ಲ ಅಂದೆ. ಸುಟ್ಟ ತುದಿ, ತುಕ್ಕಿನ ಚುಕ್ಕೆ ಹಾಗೇ ಇರುತ್ತವೆ. ಹೊಸದಾಗಿ ಬರುವ ಎಲೆ ಹೇಗಿದೆ ಅಂತ ನೋಡಬೇಕು, ಅಲ್ಲಿವರೆಗೆ ದಿನಾ ಕುಂಡ ಎತ್ತಿ ನೋಡಿ, ಹಗುರ ಅನ್ನಿಸಿದ ದಿನ ಮಾತ್ರ ನೀರು ಅಂದೆ. ಅವರು ಬಾಟಲಿಗಳ ರಸೀದಿ ತೆಗೆದು ತೋರಿಸಿದರು. ಪಿಂಚಣಿಯಲ್ಲಿ ಬದುಕುವ ಮನುಷ್ಯ. ಅಷ್ಟು ದುಡ್ಡಿಗೆ ನಾಲ್ಕು ಒಳ್ಳೇ ಕುಂಡ, ಒಂದು ಚೀಲ ಪರ್ಲೈಟ್, ಪಿಎಚ್ ನೋಡುವ ಹನಿಯ ಕಿಟ್ ಬಂದು ಇನ್ನೂ ಮಿಗುತ್ತಿತ್ತು. ಉಳಿದ ಗಿಡ ಬದುಕುತ್ತೆ ಅಂತ ನಾನು ಮಾತು ಕೊಟ್ಟಿಲ್ಲ, ಬೇರು ತೀರಾ ಕಮ್ಮಿ ಇದೆ.

ಇನ್ನು ನನಗೆ ಎಲೆ ಫೋಟೋ ಕಳಿಸುವ ಗೆಳೆಯ ಗೆಳತಿಯರಿಗೆ. ಕರಿಬೇವು ಇರಲಿ, ತುಳಸಿ ಇರಲಿ, ಇಲ್ಲಿನವರ ಗಾಂಜಾ ಇರಲಿ, ದೀಪ ಆರಿಸಿ ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಇಡೀ ಗಿಡದ್ದು ಒಂದು, ಎಲೆಯ ಅಡಿಭಾಗದ್ದು ಒಂದು, ಕುಂಡದ ತಳದ್ದು ಒಂದು. ಕೊನೇ ಸಲ ನೀರು ಹಾಕಿದ್ದು ಯಾವಾಗ, ಏನೇನು ಸುರಿದಿದ್ದೀರಿ ಅಂತ ಎರಡು ಸಾಲು ಬರೆಯಿರಿ. ತಳದ ಫೋಟೋ ಇಲ್ಲದೆ "ಯಾವ ಗೊಬ್ಬರ ಹಾಕಲಿ" ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಬೇಜಾರು ಮಾಡ್ಕೋಬೇಡಿ.